ಕಬಡ್ಡಿ ಅಂಗಳದಿಂದ ಜಿಯು-ಜಿಟ್ಸು ಮ್ಯಾಟ್‌ಗೆ

ನಮ್ಮ ಕಾಸರಗೋಡು, ಮಂಜೇಶ್ವರ ಕಡೆ ಕಬಡ್ಡಿ ಆಡಿ ಬೆಳೆದವರಿಗೆ ಬ್ರೆಜಿಲಿಯನ್ ಜಿಯು-ಜಿಟ್ಸುವಿನಲ್ಲಿ (ನೆಲಕ್ಕೆ ಕೆಡವಿ, ಹಿಡಿತ ಹಾಕಿ ಸೋಲೊಪ್ಪಿಸುವ ಕುಸ್ತಿಯಂಥ ಆಟ) ಹಿಡಿತದ ಕೊರತೆ ಇರುವುದಿಲ್ಲ. ತೊಂದರೆ ಉಸಿರಿನದ್ದು. ರೈಡಿಗೆ ಹೋದ ಹಾಗೆ ಉಸಿರು ಕಟ್ಟಿ ಸೆಣಸಿದರೆ ಸ್ವಲ್ಪ ಹೊತ್ತಿಗೇ ಕೈ ಸೋಲುತ್ತದೆ.

ಆರ್ಮ್‌ಬಾರ್ (ಮೊಣಕೈ ಗಂಟನ್ನು ಹಿಂದಕ್ಕೆ ಬಗ್ಗಿಸುವ ಪಟ್ಟು), ಚೋಕ್ (ಕುತ್ತಿಗೆ ಅಮುಕುವ ಪಟ್ಟು)ಗಳ ಆಸೆ ಸದ್ಯಕ್ಕೆ ಬಿಡಿ ಮಾರಾಯ್ರೇ. ಆರಂಭದಲ್ಲಿ ಹೇಗೂ ಹೆಚ್ಚು ಹೊತ್ತು ಅಡಿಯಲ್ಲೇ ಇರುತ್ತೀರಿ. ಅಲ್ಲಿಂದ ಹೊರಬರುವುದನ್ನು ಕಲಿಯಿರಿ. ಎದುರಾಳಿ ಹೊಟ್ಟೆಯ ಮೇಲೆ ಕೂತರೆ ಅದು ಮೌಂಟ್, ಪಂದ್ಯದಲ್ಲಿ ಅವನಿಗೆ 4 ಅಂಕ. ಅವನ ಒಂದು ಕೈಯನ್ನು ಎದೆಗೆ ಅಪ್ಪಿ ಹಿಡಿಯಿರಿ. ಅದೇ ಬದಿಯ ಅವನ ಪಾದವನ್ನು ನಿಮ್ಮ ಪಾದದಿಂದ ತಡೆಯಿರಿ. ಹಿಮ್ಮಡಿ ಕುಂಡೆಯ ಹತ್ತಿರ ತಂದು, ಸೊಂಟ ಎತ್ತಿ, ಆ ಬದಿಯ ಭುಜದ ಮೇಲೆ ಓರೆಯಾಗಿ ಹೊರಳಿ. ನೆಟ್ಟಗೆ ಮೇಲಕ್ಕೆ ಎತ್ತಿದರೆ ಮತ್ತೆ ಅಲ್ಲೇ ಕೂರುತ್ತಾನೆ. ಪಾದ ತಡೆಯದಿದ್ದರೆ ಕಾಲು ಊರಿ ಬಚಾವಾಗುತ್ತಾನೆ. ಕೈ ನೀಟಿ ತಳ್ಳಿದಿರೋ, ಆರ್ಮ್‌ಬಾರ್ ಗ್ಯಾರಂಟಿ. ಮೊಣಕೈ ಪಕ್ಕೆಗೆ ಅಂಟಿರಲಿ.

ಟ್ಯಾಪ್ ಮಾಡಲು, ಅಂದರೆ ಕೈ ತಟ್ಟಿ ಸೋಲೊಪ್ಪಲು, ನೋವಿಗೆ ಕಾಯಬೇಡಿ. ಹಿಮ್ಮಡಿ ಹಿಡಿದು ಕಾಲು ತಿರುಚುವ ಹೀಲ್ ಹುಕ್‌ನಲ್ಲಿ ನೋವು ತಿಳಿಯುವಷ್ಟರಲ್ಲಿ ಮಂಡಿಯ ಲಿಗಮೆಂಟ್ ಹರಿದಿರಬಹುದು.

ಮತ್ತೆ, ಉಗುರು ಕತ್ತರಿಸಿ ಬನ್ನಿ. ಈ ಮಳೆಗಾಲದಲ್ಲಿ ಸರಿಯಾಗಿ ಒಣಗದ ಗೀ (ಅಭ್ಯಾಸದ ದಪ್ಪ ಅಂಗಿ-ಪ್ಯಾಂಟು) ಹಾಕಿಕೊಂಡು ಬರಬೇಡಿ, ಹುಳುಕಡ್ಡಿ ಇಡೀ ಕ್ಲಾಸಿಗೇ ಹರಡೀತು.