ಪಾರ್ಕಿನ ಪಗಾರ ಸಾಲ್ತದೇನು ಅಣ್ಣಾ?

ಪ್ರತಿ ವರ್ಷ ಡಿಪ್ಲೊಮಾ ಹುಡುಗರು ಇಂಟರ್ನ್‌ಶಿಪ್‌ಗೆ ಹೋಗುವ ಆರನೇ ಸೆಮಿಸ್ಟರ್ ಹತ್ತಿರ ಬಂದಂತೆ ನನಗೆ ಫೋನು ಶುರುವಾಗುತ್ತವೆ. ನಾನು ಡಿಪ್ಲೊಮಾ ಓದಿದ್ದು ಕಲಬುರಗಿಯಲ್ಲಿ. ಇಂಟರ್ನ್‌ಶಿಪ್ ಮಾಡಿದ್ದು ಹೈದರಾಬಾದಿನ ಹೊರವಲಯದ ಒಂದು ಥೀಮ್ ಪಾರ್ಕಿನಲ್ಲಿ, ರೈಡ್‌ಗಳ ಮೇಂಟೆನೆನ್ಸ್ ವಿಭಾಗದಲ್ಲಿ. ಅದು ಹೇಗೋ ಜೂನಿಯರ್‌ಗಳಿಗೆಲ್ಲ ಗೊತ್ತಾಗಿಬಿಟ್ಟಿದೆ. ಸೇಡಂನಿಂದಲೋ ಶಹಾಪುರದಿಂದಲೋ ಹುಮನಾಬಾದಿನಿಂದಲೋ ಒಬ್ಬ ಹುಡುಗ ಫೋನ್ ಮಾಡಿ ಕೇಳುತ್ತಾನೆ: "ಅಣ್ಣಾ, ಅಲ್ಲಿ ಕೊಡೋ ಪಗಾರ ಸಾಲ್ತದೇನು?" ಸ್ವಲ್ಪ ಹೊತ್ತಿಗೆ ಫೋನು ಅವರಪ್ಪನ ಕೈಗೆ ಹೋಗುತ್ತದೆ. ಅವರದೂ ಅದೇ ಪ್ರಶ್ನೆ, ಧಾಟಿ ಬೇರೆ: "ನಾವೇನರ ರೊಕ್ಕ ಕಳಸಬೇಕಾಗ್ತದೇನ್ರಿ?"

ಇಬ್ಬರಿಗೂ ನಾನು ಹೇಳುವುದು ಒಂದೇ. ಸಾಲುತ್ತದೆ. ಆದರೆ ಮೊದಲನೇ ತಿಂಗಳು ಅಲ್ಲ.

ಎಲ್ಲರೂ ಎಷ್ಟು ಕೊಡ್ತಾರೆ ಅಂತ ಕೇಳುತ್ತಾರೆ. ಯಾವತ್ತು ಕೊಡ್ತಾರೆ ಅಂತ ಯಾರೂ ಕೇಳುವುದಿಲ್ಲ. ಫೆಬ್ರುವರಿ 1ಕ್ಕೆ ಕೆಲಸಕ್ಕೆ ಸೇರಿದಿರಿ ಅನ್ನಿ. ಫೆಬ್ರುವರಿ ಸ್ಟೈಪೆಂಡ್ ಬರೋದು ಮಾರ್ಚ್ 7ಕ್ಕೋ 10ಕ್ಕೋ. ಅಲ್ಲಿಯವರೆಗೆ ಸುಮಾರು ನಲವತ್ತು ದಿನ ಕೈಯಿಂದಲೇ ನಡೆಯಬೇಕು. ಖೋಲಿಗೆ ಅಡ್ವಾನ್ಸ್, ಮೊದಲ ತಿಂಗಳ ಬಾಡಿಗೆ, ಹಾಸಿಗೆ, ಬಕೆಟ್ಟು, ಕಪ್ಪು ಶೂ, ಊಟ, ಬಸ್ಸು. ಎಲ್ಲವೂ ಪಗಾರ ಬರುವ ಮೊದಲೇ ಎದುರು ನಿಲ್ಲುತ್ತವೆ. ನಾಲ್ಕು ಜನ ಸೇರಿ ಖೋಲಿ ಹಿಡಿದರೂ ಒಬ್ಬನಿಗೆ ಹನ್ನೆರಡು ಸಾವಿರದಷ್ಟು ಕೈಯಲ್ಲಿರಲಿ ಅಂತ ನನ್ನ ಅಂದಾಜು. ಅಪ್ಪಂದಿರಿಗೆ ನಾನು ಅದನ್ನೇ ಹೇಳುತ್ತೇನೆ. ಒಮ್ಮೆ ಕೊಡಿ, ಶುರುವಿನಲ್ಲೇ ಕೊಡಿ. ಆಮೇಲೆ ತಿಂಗಳು ತಿಂಗಳು ಎರಡು ಸಾವಿರ ಕಳಿಸುವ ತಾಪತ್ರಯ ಇರುವುದಿಲ್ಲ.

ಬಿಸಿಎಂ ಹಾಸ್ಟೆಲ್‌ನಲ್ಲಿ ಇದ್ದು ಓದಿದವರಿಗೆ ಇದು ಜಾಸ್ತಿ ತಟ್ಟುತ್ತದೆ. ಮೂರು ವರ್ಷ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಊಟ ಬರುತ್ತಿತ್ತು. ಒಂದು ಊಟಕ್ಕೆ ಎಷ್ಟು ಖರ್ಚಾಗುತ್ತದೆ ಅನ್ನೋದನ್ನ ಅವರು ಯಾವತ್ತೂ ಲೆಕ್ಕ ಹಾಕಿರುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ಇನ್ನು ಎಷ್ಟು ಕೊಡ್ತಾರೆ ಅನ್ನೋದು. ಇಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಹುಡುಗರು ಒಂದೇ ಅಂದುಕೊಂಡಿರುತ್ತಾರೆ. ಕೋರ್ಸಿನ ಭಾಗವಾಗಿ ಮಾಡುವ ಇಂಟರ್ನ್‌ಶಿಪ್ ಒಂದು. ಅದಕ್ಕೆ ಇಷ್ಟೇ ಕೊಡಬೇಕು ಅಂತ ಕಟ್ಟುಪಾಡಿಲ್ಲ. ಪಾರ್ಕಿನವರು ಕೊಟ್ಟಷ್ಟು. ಕೋರ್ಸ್ ಮುಗಿದ ಮೇಲೆ ಮಾಡುವ ಅಪ್ರೆಂಟಿಸ್‌ಶಿಪ್ ಇನ್ನೊಂದು. ಅದು 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಬರುತ್ತದೆ. 2019ರ ತಿದ್ದುಪಡಿಯಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ ಕನಿಷ್ಠ 8,000, ಪದವೀಧರರಿಗೆ 9,000 ರೂಪಾಯಿ ಅಂತ ಮಾಡಿದರು. ಇದನ್ನು ಏರಿಸಬೇಕು ಅಂತ 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ಕಾಯ್ದೆಯ ನಿಯಮದ ಪ್ರಕಾರ ಒಂದು ತಿಂಗಳ ಸ್ಟೈಪೆಂಡ್ ಮುಂದಿನ ತಿಂಗಳ 10ನೇ ತಾರೀಖಿನ ಒಳಗೆ ಬರಬೇಕು.

ಅಪ್ರೆಂಟಿಸ್ ಆಗಿ ಹೋಗುವವರು ಇನ್ನೊಂದು ಗಮನಿಸಬೇಕು. ನ್ಯಾಟ್ಸ್ ಅಂದರೆ ಕೇಂದ್ರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಆ ಕನಿಷ್ಠ ಮೊತ್ತದ ಅರ್ಧ ಕೇಂದ್ರ ಸರ್ಕಾರದ್ದು. 2019ರ ಲೆಕ್ಕದಲ್ಲಿ ಡಿಪ್ಲೊಮಾದವರ 8,000ದಲ್ಲಿ 4,000. ಕಂಪನಿಯ ಪಾಲು ಒಂದು ದಿನ ಬಂದರೆ ಸರ್ಕಾರದ ಪಾಲು ಇನ್ನೊಂದು ದಿನ, ಆಧಾರ್ ಜೋಡಿಸಿದ ಖಾತೆಗೆ ನೇರವಾಗಿ ಬರಬಹುದು. ಹಾಗಾಗಿ ಬಾಡಿಗೆ ಮತ್ತು ಊಟ ಕಂಪನಿಯ ಪಾಲಿನಲ್ಲೇ ಮುಗಿಯುವಂತೆ ನೋಡಿಕೊಳ್ಳಿ. ಸರ್ಕಾರದ್ದು ಬಂದಾಗ ಬರಲಿ. ಹಾಂ, ಅಪ್ರೆಂಟಿಸ್ ಆಗಿರುವಾಗ ಯುವನಿಧಿಯ 1,500 ಸಿಗುವುದಿಲ್ಲ. ಎರಡೂ ಸೇರಿಸಿ ಲೆಕ್ಕ ಹಾಕುವವರು ಪ್ರತಿ ವರ್ಷ ಒಬ್ಬರಾದರೂ ಸಿಗುತ್ತಾರೆ.

ಥೀಮ್ ಪಾರ್ಕಿನ ಕೆಲಸಕ್ಕೆ ಅದರದೇ ಆದ ಖರ್ಚುಗಳಿವೆ. ದಿನಪೂರ್ತಿ ನಿಂತೇ ಇರಬೇಕು. ಪಾರ್ಕು ತೆರೆಯುವ ಮೊದಲು ಪ್ರತಿ ರೈಡನ್ನೂ ನೋಡಿ, ಖಾಲಿ ಓಡಿಸಿ, ಸರಿ ಇದೆ ಅಂತ ಬರೆದು ಸಹಿ ಹಾಕಬೇಕು. ಅಂದರೆ ನಮ್ಮ ಪಾಳಿ ಜನ ಬರುವುದಕ್ಕಿಂತ ಎಷ್ಟೋ ಮುಂಚೆ ಶುರು. ನೀರಿನ ರೈಡ್ ಇರುವ ಕಡೆ ನೆಲ ಯಾವಾಗಲೂ ಒದ್ದೆ. ಅಗ್ಗದ ಶೂ ತೊಗೊಂಡರೆ ಒಂದೇ ತಿಂಗಳಿಗೆ ಸೋಲ್ ಬಾಯಿ ಬಿಡುತ್ತದೆ. ಮತ್ತೆ ಅಗ್ಗದ್ದು, ಮತ್ತೆ ಬಾಯಿ. ಮೊದಲೇ ಗಟ್ಟಿ ಸೋಲಿನದು ತೊಗೊಂಡು, ಅದರ ಜೊತೆ ಸಾಕ್ಸ್ ಮಾತ್ರ ಐದಾರು ಜೊತೆ ಇಟ್ಟುಕೊಳ್ಳಿ. ನೆನೆದ ಸಾಕ್ಸಿನಲ್ಲಿ ಎಂಟು ಗಂಟೆ ನಿಂತರೆ ಬೆರಳ ಸಂದಿ ಬೆಳ್ಳಗಾಗಿ ಸುಲಿಯುತ್ತದೆ. ಆಮೇಲೆ ಮುಲಾಮು, ಡಾಕ್ಟರು, ರಜೆ. ವೇವ್ ಪೂಲ್ ಹತ್ತಿರ ಡ್ಯೂಟಿ ಬಿದ್ದ ನಮ್ಮ ಖೋಲಿಯ ಯಾದಗಿರಿ ಹುಡುಗ ಮಧ್ಯಾಹ್ನದ ಊಟದ ಹೊತ್ತಿಗೆ ಸಾಕ್ಸ್ ಬದಲಿಸುತ್ತಿದ್ದ. ನಾವು ನಗುತ್ತಿದ್ದೆವು. ಅವನ ಕಾಲು ಮಾತ್ರ ಚೆನ್ನಾಗಿದ್ದವು.

ಪಾರ್ಕಿನ ಒಳಗೆ ಏನೂ ಕೊಳ್ಳಬೇಡಿ. ಅಲ್ಲಿನ ಪಾಪ್‌ಕಾರ್ನ್, ಕೂಲ್‌ಡ್ರಿಂಕ್ ರೇಟು ಒಂದು ದಿನ ಮಜಾ ಮಾಡಲು ಬಂದವರಿಗೆ ಇಟ್ಟದ್ದು. ಸ್ಟಾಫ್ ಕ್ಯಾಂಟೀನ್ ಇದ್ದರೆ ಮಧ್ಯಾಹ್ನದ ಊಟ ಹೊಟ್ಟೆ ತುಂಬ ಅಲ್ಲೇ ಮುಗಿಸಿ. ಸೇರುವ ಮೊದಲೇ ಮೂರು ವಿಷಯ ಕೇಳಿ ಬರೆಸಿಕೊಳ್ಳಿ. ಇರೋಕೆ ಜಾಗ ಕೊಡ್ತಾರಾ, ಒಂದು ಹೊತ್ತಿನ ಊಟ ಕೊಡ್ತಾರಾ, ಬಸ್ ಇದೆಯಾ? ಕೊಟ್ಟರೆ ಅದರ ದುಡ್ಡನ್ನು ಸ್ಟೈಪೆಂಡ್‌ನಲ್ಲಿ ಹಿಡಿಯುತ್ತಾರಾ? ಜಾಗ, ಊಟ, ಬಸ್ಸು ಮೂರೂ ಇರುವ 7,000, ಏನೂ ಇಲ್ಲದ 11,000ಕ್ಕಿಂತ ಚಲೋ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಈಗ ಊಟ. ಉಳಿಸಬೇಕು ಅಂದರೆ ಉಳಿಯೋದು ಇಲ್ಲೇ. ಹೈದರಾಬಾದಿನ ಸುತ್ತಮುತ್ತ ಗಲ್ಲಿ ಗಲ್ಲಿಗೆ ಕರ್ರಿ ಪಾಯಿಂಟ್ ಇರುತ್ತವೆ. ಅಲ್ಲಿ ಬರೀ ಪಲ್ಯ, ಸಾರು ಪ್ಯಾಕೆಟ್ ಕಟ್ಟಿ ಕೊಡುತ್ತಾರೆ. ಅನ್ನ ನಾವೇ ಮಾಡಿಕೊಳ್ಳಬೇಕು. ನಾಲ್ಕು ಜನಕ್ಕೆ ಒಂದು ರೈಸ್ ಕುಕ್ಕರ್, ದಿನಕ್ಕೆ ಎರಡು ಪ್ಯಾಕೆಟ್ ಪಲ್ಯ. ರಾತ್ರಿ ಊಟ ಅಷ್ಟರಲ್ಲಿ ಮುಗಿಯುತ್ತದೆ. ಗ್ಯಾಸ್ ಬೇಕೆಂದರೆ ಇಂಡೇನ್‌ನ 5 ಕೆಜಿ ಛೋಟು ಸಿಲಿಂಡರ್ ಸಿಗುತ್ತದೆ. ಅದಕ್ಕೆ ಗುರುತಿನ ಚೀಟಿ ಸಾಕು, ಅಲ್ಲಿನ ವಿಳಾಸದ ದಾಖಲೆ ಬೇಕಿಲ್ಲ.

ಆದರೆ ನಮ್ಮನ್ನು ನಿಜವಾಗಿ ಸಾಕಿದ್ದು ಊರಿನ ರೊಟ್ಟಿ. ಖಡಕ್ ರೊಟ್ಟಿ ಚೆನ್ನಾಗಿ ಒಣಗಿಸಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರೆ ವಾರಗಟ್ಟಲೆ ಕೆಡುವುದಿಲ್ಲ. ಅವ್ವ ಒಂದು ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹಿಂಡಿ, ಇನ್ನೊಂದರಲ್ಲಿ ಅಗಸಿ ಹಿಂಡಿ ಕೊಡುತ್ತಿದ್ದಳು. ಬಸ್ಸಿನಲ್ಲಿ ಹೋದರೆ ರೊಟ್ಟಿ ಪುಡಿಯಾಗುತ್ತವೆ ಅಂತ ಗಂಟನ್ನು ತೊಡೆ ಮೇಲೆ ಇಟ್ಟುಕೊಂಡೇ ಕೂರುತ್ತಿದ್ದೆ. ಮುಂಜಾನೆ ಪಾಳಿಗೆ ಹೊರಡುವಾಗ ಒಂದು ರೊಟ್ಟಿ ಮುರಿದು, ಹಿಂಡಿ ಮೇಲೆ ಒಂದು ಚಮಚ ಎಣ್ಣೆ ಹಾಕಿಕೊಂಡು ನಿಂತೇ ತಿಂದರೆ ನಾಷ್ಟಾ ಆಯಿತು. ರಾತ್ರಿ ತೆಳ್ಳಗಿನ ಬ್ಯಾಳಿಯಲ್ಲಿ ಅದೇ ರೊಟ್ಟಿ ನೆನೆಸಿದರೆ ಊಟ. ಖೋಲಿಯಲ್ಲಿದ್ದ ವರಂಗಲ್ ಹುಡುಗ ಮೊದಲ ವಾರ ಇದೇನು ಹಪ್ಪಳಾನಾ ಅಂದ. ಮುಂದಿನ ತಿಂಗಳು ನಾನು ಊರಿಗೆ ಹೊರಟಾಗ ಗುರೆಳ್ಳು ಹಿಂಡಿ ಜಾಸ್ತಿ ತಾ ಅಂತ ಹೇಳಿ ಕಳಿಸಿದ. ತೊಗರಿ ಬೇಳೆಯನ್ನಂತೂ ಹೈದರಾಬಾದಿನಲ್ಲಿ ಕೊಳ್ಳಬೇಡಿ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ತೊಗರಿ ಬೆಳೆಯುವ ಜಿಲ್ಲೆಯವರು ನಾವು. ಎರಡು ಕೆಜಿ ಚೀಲದಲ್ಲಿ ಹಾಕಿಕೊಂಡು ಹೋಗೋಕೆ ಏನು ಕಷ್ಟ?

ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಇನ್ನೊಂದು ದಾರಿ ಇದೆ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ನಿಮ್ಮ ಪಾಲಿನ ಅಕ್ಕಿಯನ್ನು ತೆಲಂಗಾಣದ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ಪಡೆಯಬಹುದು. ಉಳಿದದ್ದನ್ನು ಮನೆಯವರು ಇಲ್ಲಿ ಪಡೆಯುತ್ತಾರೆ. ಹುಡುಗರಿಗೆ ಆ ಸಾಲಿನಲ್ಲಿ ನಿಲ್ಲೋಕೆ ನಾಚಿಕೆ. ರೋಲರ್ ಕೋಸ್ಟರ್ ಸಾಲನ್ನು ದಿನವಿಡೀ ಸಂಭಾಳಿಸುವವರಿಗೆ ಈ ಸಾಲು ಯಾವ ಲೆಕ್ಕ?

ಬಸ್ಸಿನ ವಿಷಯದಲ್ಲಿ ಹುಡುಗಿಯರಿಗೆ ಒಂದು ಮಾತು. ಇಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಅಲ್ಲಿ ಅದೇ ವರ್ಷ ಡಿಸೆಂಬರ್‌ನಲ್ಲಿ ಮಹಾಲಕ್ಷ್ಮಿ ಬಂತು. ಎರಡೂ ಕಡೆ ಫ್ರೀ ಅಂತ ಅಂದುಕೊಂಡು ಹೋಗಬೇಡಿ. ತೆಲಂಗಾಣದ ಬಸ್ಸಿನಲ್ಲಿ ತೆಲಂಗಾಣ ವಿಳಾಸದ ಗುರುತಿನ ಚೀಟಿ ಕೇಳುತ್ತಾರೆ. ಕಲಬುರಗಿಯ ಆಧಾರ್ ಅಲ್ಲಿ ನಡೆಯುವುದಿಲ್ಲ. ನಮ್ಮ ಶಕ್ತಿ ಅಂತರರಾಜ್ಯ ಬಸ್ಸಿಗಿಲ್ಲ. ಹಾಗಾಗಿ ಅಲ್ಲಿನ ದಿನದ ಬಸ್ ಖರ್ಚನ್ನು ಹುಡುಗಿಯರೂ ಲೆಕ್ಕಕ್ಕೆ ಹಿಡಿಯಲೇಬೇಕು. ಪಾರ್ಕಿಗೆ ನಡೆದು ಹೋಗುವಷ್ಟು ಹತ್ತಿರ ಖೋಲಿ ಸಿಕ್ಕರೆ ಬಾಡಿಗೆ ಐನೂರು ಜಾಸ್ತಿಯಾದರೂ ಹಿಡಿಯಿರಿ. ರಾತ್ರಿ ಪಾಳಿ ಮುಗಿದ ಮೇಲೆ ಆಟೋದವನ ಜೊತೆ ಚೌಕಾಸಿ ಮಾಡುವ ಕಷ್ಟ ತಪ್ಪುತ್ತದೆ.

ಬಾಡಿಗೆ ಚೌಕಾಸಿಗೆ ನಮಗೊಂದು ಅನುಕೂಲ ಇದೆ, ಬೆಂಗಳೂರು ಕಡೆಯವರಿಗೆ ಇಲ್ಲದ್ದು. ಅದು ನಮ್ಮ ಕಲಬುರಗಿ ಹಿಂದಿ. 1956ರ ತನಕ ಎಲ್ಲರೂ ಒಂದೇ ಹೈದರಾಬಾದ್ ರಾಜ್ಯದವರು. "ಚಾಚಾ, ಗುಲ್ಬರ್ಗಾ ಸೆ ಆಯೇ" ಅಂದರೆ ಮನೆ ಮಾಲೀಕರಿಗೆ ಅಲ್ಲಿ ಯಾರಾದರೂ ನೆಂಟರೋ, ದರ್ಗಾದ ನೆನಪೋ ಇದ್ದೇ ಇರುತ್ತದೆ. ಚಹಾ ಬರುತ್ತದೆ. ಅಡ್ವಾನ್ಸ್ ಸ್ವಲ್ಪ ಇಳಿಯುತ್ತದೆ.

ರೈಲಿನಲ್ಲಿ ಊರಿಗೆ ಬರುವವರಿಗೆ ಪಾರ್ಕ್ ಕೆಲಸ ಕೊಟ್ಟ ಒಂದೇ ಒಂದು ಸುಖ ವಾರದ ನಡುವಿನ ರಜೆ. ಶನಿವಾರ, ಭಾನುವಾರ, ಹಬ್ಬ, ಏಪ್ರಿಲ್-ಮೇ ಸೂಟಿ, ಆ ದಿನಗಳಲ್ಲಿ ರಜೆ ಕೇಳಲೇಬೇಡಿ. ಮಂಗಳವಾರವೋ ಬುಧವಾರವೋ ಸಿಗುತ್ತದೆ. ಆಗ ಹೈದರಾಬಾದಿನಿಂದ ತಾಂಡೂರು, ವಾಡಿ ಮೇಲೆ ಕಲಬುರಗಿಗೆ ಬರುವ ಗಾಡಿಯಲ್ಲಿ ಜನರಲ್ ಡಬ್ಬಿಯಲ್ಲೂ ಕೂರಲು ಜಾಗ ಸಿಗುವ ಸಂಭವ ಇದೆ. ಬೀದರ್‌ನವರಿಗೆ ವಿಕಾರಾಬಾದ್ ಮೇಲಿನ ದಾರಿ.

ಖರ್ಚು ಸೋರಿ ಹೋಗುವುದು ದೊಡ್ಡ ವಿಷಯಗಳಲ್ಲಿ ಅಲ್ಲ. ಬಾಡಿಗೆ ಎಷ್ಟು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಸಂಜೆ ಇಪ್ಪತ್ತು ರೂಪಾಯಿ ಚಹಾ, ಮೂವತ್ತು ರೂಪಾಯಿ ಮಿರ್ಚಿ, ಫೋನಿನಲ್ಲಿ ಸ್ಕ್ಯಾನ್ ಮಾಡಿದ್ದು ಲೆಕ್ಕಕ್ಕೇ ಬರುವುದಿಲ್ಲ. ನಾನು ಸ್ಟೈಪೆಂಡ್ ಬರುವ ಖಾತೆಯನ್ನು ಫೋನ್‌ಪೇಗೆ ಜೋಡಿಸಲೇ ಇಲ್ಲ. ಇನ್ನೊಂದು ಖಾತೆಗೆ ವಾರಕ್ಕೆ ಸಾವಿರ ಹಾಕಿಕೊಳ್ಳುತ್ತಿದ್ದೆ. ಗುರುವಾರಕ್ಕೆ ಖಾಲಿಯಾದರೆ ಭಾನುವಾರದವರೆಗೆ ರೊಟ್ಟಿ, ಹಿಂಡಿ. ತೀರಾ ಆಗದಿದ್ದರೆ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಿ, ಪಗಾರದ ದಿನವೇ ತೀರಿಸಿ. ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ಹತ್ತಿರ ಮಾತ್ರ ಸುಳಿಯಬೇಡಿ. ಅಂಗಡಿಯವನು ಬೈದರೆ ನಿಮ್ಮನ್ನು ಮಾತ್ರ ಬೈಯುತ್ತಾನೆ. ಕೆಲವು ಆ್ಯಪ್‌ಗಳವರು ನಿಮ್ಮ ಫೋನಿನಲ್ಲಿರುವ ಎಲ್ಲರಿಗೂ ಫೋನ್ ಮಾಡುತ್ತಾರೆ.

ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಒಬ್ಬಿಬ್ಬರು ಅಮೆರಿಕದ ಡಿಸ್ನಿ ಬಗ್ಗೆಯೂ ಕೇಳುತ್ತಾರೆ. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ವಿದ್ಯಾರ್ಥಿಗಳ ಕಾಲೇಜ್ ಪ್ರೋಗ್ರಾಂ 1981ರಿಂದ ಇದೆ. ನಾನು ಅಲ್ಲಿಗೆ ಹೋದವನಲ್ಲ. ಆದರೆ ಲೆಕ್ಕ ನೋಡಿದರೆ ಮಜಾ ಇದೆ. ಅಲ್ಲಿ ಪಗಾರ ವಾರಕ್ಕೊಮ್ಮೆ. ಡಿಸ್ನಿಯ ವಸತಿಯಲ್ಲಿದ್ದರೆ ಬಾಡಿಗೆ ಆ ವಾರದ ಪಗಾರದಲ್ಲೇ ಕಡಿತ. ಫ್ಲೋರಿಡಾದಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಅಲ್ಲಿನ ಕನಿಷ್ಠ ಕೂಲಿ 2025ರ ಸೆಪ್ಟೆಂಬರ್ ಕೊನೆಗೆ ಗಂಟೆಗೆ 14 ಡಾಲರ್ ಆಯಿತು. ಅದನ್ನು ರೂಪಾಯಿಗೆ ಗುಣಿಸಿ ಕಣ್ಣರಳಿಸುವವರಿಗೆ ನಾನು ಹೇಳೋದು, ಖರ್ಚನ್ನೂ ಡಾಲರಿನಲ್ಲೇ ಗುಣಿಸಿ ಅಂತ. ವಾರಕ್ಕೊಮ್ಮೆ ಪಗಾರ ಅನ್ನೋದು ಮಾತ್ರ ನನಗೆ ಇಷ್ಟವಾಯಿತು. ನಮ್ಮಲ್ಲೂ ಹಾಗಿದ್ದಿದ್ದರೆ ಆ ಮೊದಲ ನಲವತ್ತು ದಿನದ ತಾಪತ್ರಯ ಇರುತ್ತಿರಲಿಲ್ಲ.

ಮನೆಗೆ ರೊಕ್ಕ ಕಳಿಸ್ತಾನೇನು ಅಂತ ಕೆಲವು ಅಪ್ಪಂದಿರು ಮೆಲ್ಲಗೆ ಕೇಳುತ್ತಾರೆ. ಕಾಕಾ, ಆಸೆ ಇಟ್ಟುಕೋಬೇಡ್ರಿ ಅನ್ನುತ್ತೇನೆ. ಅವನು ಕೈ ಚಾಚದಿದ್ದರೆ ಅದೇ ದೊಡ್ಡದು. ಕೊನೆಗೆ ಒಂದಿಷ್ಟು ಬರುತ್ತದೆ. ಶುರುವಿನಲ್ಲಿ ತಡವಾಗಿ ಬಂದ ಪಗಾರ ಕೊನೆಯಲ್ಲಿ ಕೈಹಿಡಿಯುತ್ತದೆ. ಕೊನೆಯ ತಿಂಗಳದ್ದು ಖಾತೆಗೆ ಬೀಳುವಾಗ ಹುಡುಗ ಊರಿಗೆ ಬಂದಿರುತ್ತಾನೆ. ಖೋಲಿ ಬಾಡಿಗೆ ಇಲ್ಲ, ಊಟ ಮನೆಯದು. ಅದು ಪೂರ್ತಿ ಉಳಿಯುವ ರೊಕ್ಕ. ಅದಕ್ಕೇ ಹೊರಡುವ ಮೊದಲು ಐಡಿ ಕಾರ್ಡ್, ಯೂನಿಫಾರ್ಮ್, ಲಾಕರ್ ಬೀಗ ವಾಪಸ್ ಕೊಟ್ಟು ಚೀಟಿ ತೊಗೊಳ್ಳಿ. ಎಚ್‌ಆರ್‌ನವರ ನಂಬರ್ ಇಟ್ಟುಕೊಳ್ಳಿ. ಆ ಬ್ಯಾಂಕ್ ಖಾತೆಯನ್ನು ದುಡ್ಡು ಬರುವ ತನಕ ಮುಚ್ಚಬೇಡಿ.