ಡಿಸ್ನಿ ವರ್ಲ್ಡ್‌ನಲ್ಲಿ ಮಿಕ್ಕಿ ಜೊತೆ ಊಟ: ಒರ್ಲ್ಯಾಂಡೋಗೆ ಹೊರಟವರಿಗೆ

ಡಿಸ್ನಿ ವರ್ಲ್ಡ್‌ಗೆ ಹೊರಟವರು ಮೊದಲು ಕೇಳುವುದೇ ರೈಡ್‌ಗಳ ಬಗ್ಗೆ. ಯಾವುದಕ್ಕೆ ಕ್ಯೂ ಜಾಸ್ತಿ, ಯಾವುದಕ್ಕೆ ದುಡ್ಡು ಕೊಟ್ಟು ಬೇಗ ಹೋಗಬಹುದು, ಇಂಥವೇ. ಚಿಕ್ಕ ಮಕ್ಕಳೂ ವಯಸ್ಸಾದವರೂ ಜೊತೆಗಿದ್ದರೆ ನಾನು ಹೇಳುವುದು ಬೇರೆ. ಮಿಕ್ಕಿಯಂಥ ಡಿಸ್ನಿ ಪಾತ್ರಗಳ ವೇಷದವರು ಟೇಬಲ್ಲಿಗೇ ಬರುವ ಊಟಗಳು ಅಲ್ಲಿವೆ. ಮೊದಲು ಅಂಥ ಒಂದು ಊಟ ಮತ್ತು ಒಂದೆರಡು ಶೋ ಗೊತ್ತು ಮಾಡಿಕೊಳ್ಳಿ. ಉಳಿದ ಹೊತ್ತಿನಲ್ಲಿ ರೈಡ್‌ ನೋಡಿಕೊಳ್ಳಿ. ನಾವು ಅಮ್ಮನನ್ನೂ ಐದು ವರ್ಷದ ಮಗಳನ್ನೂ ಕರೆದುಕೊಂಡು ಹೋಗಿದ್ದೆವು. ಇಬ್ಬರೂ ಸಂಜೆವರೆಗೆ ನಗುನಗುತ್ತಾ ಇದ್ದದ್ದು ಈ ಲೆಕ್ಕದಿಂದಲೇ.

ಜಾಗದ ಬಗ್ಗೆ ಎರಡು ಮಾತು. ಫ್ಲೋರಿಡಾದ ಒರ್ಲ್ಯಾಂಡೋ ಹತ್ತಿರ ಇರುವ ಇದು ಒಂದೇ ಪಾರ್ಕ್ ಅಲ್ಲ, ನಾಲ್ಕು. ಮ್ಯಾಜಿಕ್ ಕಿಂಗ್‌ಡಮ್ 1971ರಲ್ಲಿ ಶುರುವಾಯಿತು. ಆಮೇಲೆ 1982ರಲ್ಲಿ ಎಪ್ಕಾಟ್, 1989ರಲ್ಲಿ ಈಗ ಹಾಲಿವುಡ್ ಸ್ಟುಡಿಯೋಸ್ ಅನ್ನುವ ಪಾರ್ಕ್, 1998ರಲ್ಲಿ ಅನಿಮಲ್ ಕಿಂಗ್‌ಡಮ್ ಬಂದವು. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಿಬಿಡೋಣ ಅನ್ನುವಷ್ಟು ಹತ್ತಿರ ಇಲ್ಲ. ಹಾಗಾಗಿ ಊಟ ಬುಕ್ ಮಾಡುವ ಮೊದಲು ಯಾವ ದಿನ ಯಾವ ಪಾರ್ಕ್ ಅಂತ ಗಟ್ಟಿ ಮಾಡಿಕೊಳ್ಳಿ. ಪಾರ್ಕ್ ಒಳಗಿನ ರೆಸ್ಟೋರೆಂಟ್‌ಗೆ ಆ ದಿನದ ಪಾರ್ಕ್ ಟಿಕೆಟ್ ಬೇಕೇ ಬೇಕು. ಡಿಸ್ನಿಯ ಹೋಟೆಲ್‌ಗಳಲ್ಲಿರುವ ರೆಸ್ಟೋರೆಂಟ್‌ಗಳಿಗೆ ಬೇಡ. ಇದು ತುಂಬ ಜನರಿಗೆ ಗೊತ್ತಿರುವುದಿಲ್ಲ. ವಿಮಾನ ಇಳಿದ ದಿನವೋ, ಕಾಲು ನೋವು ಅಂತ ಪಾರ್ಕ್ ಬಿಟ್ಟ ದಿನವೋ ಟಿಕೆಟ್ ಖರ್ಚಿಲ್ಲದೆ ಮಿಕ್ಕಿಯನ್ನು ನೋಡಿ ಬರಬಹುದು. ಕಂಟೆಂಪರರಿ ಹೋಟೆಲಿನ ಶೆಫ್ ಮಿಕ್ಕೀಸ್ ಇದಕ್ಕೆ ಸರಿಯಾದ ಜಾಗ. ಆ ಹೋಟೆಲಿನ ಕಟ್ಟಡದ ಒಳಗಿನಿಂದಲೇ ಮೊನೊರೈಲ್ ಹಾದುಹೋಗುತ್ತದೆ. ನನ್ನ ಮಗಳಿಗೆ ಮಿಕ್ಕಿಯಷ್ಟೇ ಅದೂ ಖುಷಿ ಕೊಟ್ಟಿತು.

ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಅಲ್ಲಿನ ಸಮಯ ಬೆಳಿಗ್ಗೆ 6 ಗಂಟೆಯ ಸುಮಾರಿಗೆ. ಅಂದರೆ ಅಲ್ಲಿನ ಬೇಸಿಗೆಯ ತಿಂಗಳುಗಳಲ್ಲಿ ನಮ್ಮಲ್ಲಿ ಮಧ್ಯಾಹ್ನ ಮೂರೂವರೆ, ಅಲ್ಲಿನ ಚಳಿಗಾಲದಲ್ಲಿ ನಾಲ್ಕೂವರೆ. ಭಾರತದಿಂದ ಹೋಗುವವರು ನಿದ್ದೆಗೆಡಬೇಕಾಗಿಲ್ಲ. ಆಫೀಸಿನಲ್ಲಿ ಟೀ ಕುಡಿಯುತ್ತಾ ಮಾಡಿ ಮುಗಿಸಬಹುದು. ಡಿಸ್ನಿ ಹೋಟೆಲಿನಲ್ಲೇ ಉಳಿಯುವವರಿಗೆ ಒಂದು ಅನುಕೂಲ ಇದೆ. ಚೆಕ್-ಇನ್‌ಗೆ 60 ದಿನ ಇರುವಾಗ ಇಡೀ ವಾಸ್ತವ್ಯದ, ಹತ್ತು ದಿನದವರೆಗಿನ, ಊಟಗಳನ್ನೆಲ್ಲ ಒಂದೇ ಸಲ ಬುಕ್ ಮಾಡಬಹುದು. ಹೊರಗೆ ಉಳಿಯುವವರು ದಿನದಿನಕ್ಕೂ ಕಾಯಬೇಕು. ಅದಕ್ಕೇ ಎಲ್ಲರೂ ಮುಗಿಬೀಳುವ ಊಟವನ್ನು ಹೋಟೆಲ್ ಗಿರಾಕಿಗಳು ಪ್ರವಾಸದ ಕೊನೆಯ ದಿನಗಳಿಗೆ ಇಟ್ಟುಕೊಳ್ಳುವುದು ಜಾಣತನ. ಆಗ ಪೈಪೋಟಿ ಕಡಿಮೆ.

ಸಿಗಲಿಲ್ಲ ಅಂತ ಬೇಜಾರು ಬೇಡ. ಬಹಳ ಜನ ನಾಲ್ಕು ಕಡೆ ಬುಕ್ ಮಾಡಿ ಕೊನೆಗೆ ಮೂರನ್ನು ಬಿಡುತ್ತಾರೆ. ಸಮಯಕ್ಕೆ ಮೊದಲೇ ರದ್ದು ಮಾಡದೆ ಹೋಗದಿದ್ದರೆ ತಲೆಗೆ 10 ಡಾಲರ್ ದಂಡ ಬೀಳುತ್ತದೆ. ಆ ಹೆದರಿಕೆಗೆ ಹಿಂದಿನ ದಿನ ರಾತ್ರಿ ಮತ್ತು ಅದೇ ದಿನ ಬೆಳಿಗ್ಗೆ ಟೇಬಲ್‌ಗಳು ಖಾಲಿಯಾಗುತ್ತವೆ. ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್ ಆ್ಯಪ್ ತೆಗೆದು ಆಗಾಗ ನೋಡುತ್ತಿರಿ. ನಾಲ್ಕು ಜನರ ಟೇಬಲ್ ಸಿಗದಿದ್ದರೆ ಎರಡು ಎರಡಾಗಿ ಹುಡುಕಿ ನೋಡಿ. ಆದರೆ ಅಕ್ಕಪಕ್ಕ ಕೂರಿಸುತ್ತಾರೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ.

ಈಗ ದುಡ್ಡಿನ ಮಾತು. ಈ ಊಟಗಳು ಅಗ್ಗ ಅಲ್ಲ. ಬಹುಪಾಲು ಕಡೆ ದೊಡ್ಡವರಿಗೆ 45ರಿಂದ 75 ಡಾಲರ್ ಆಗುತ್ತದೆ. ಬೆಳಗಿನ ತಿಂಡಿ ಕಡಿಮೆ, ರಾತ್ರಿ ಊಟ ಜಾಸ್ತಿ. ಮೂರು ವರ್ಷದೊಳಗಿನ ಮಕ್ಕಳಿಗೆ ಉಚಿತ, 3ರಿಂದ 9ರವರೆಗೆ ಮಕ್ಕಳ ದರ. ಹತ್ತು ತುಂಬಿತೋ, ದೊಡ್ಡವರ ದರ. ಎರಡು ಪ್ಯಾನ್‌ಕೇಕ್ ತಿಂದು ಕೈ ತೊಳೆಯುವ ಹತ್ತು ವರ್ಷದ ಹುಡುಗನಿಗೂ ಪೂರ್ತಿ ದುಡ್ಡು, ಏನು ಮಾಡುವುದು. ಅಲ್ಲಿ ತೋರಿಸುವ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ, ಟಿಪ್ಸ್ ಕೂಡ ಸೇರಿರುವುದಿಲ್ಲ. ತೆರಿಗೆ ಶೇ. 6.5, ಟಿಪ್ಸ್ ಶೇ. 18ರಿಂದ 20. ಆರು ಅಥವಾ ಹೆಚ್ಚು ಜನ ಇದ್ದರೆ ಟಿಪ್ಸ್ ಬಿಲ್ಲಿಗೇ ಸೇರಿ ಬರುತ್ತದೆ, ನೋಡಿಕೊಳ್ಳಿ, ಮತ್ತೆ ಕೊಡಬೇಡಿ. ಸುಲಭದ ಲೆಕ್ಕ ಅಂದರೆ ಮೆನುವಿನ ಬೆಲೆಗೆ ಕಾಲು ಭಾಗ ಸೇರಿಸಿಬಿಡಿ. 60 ಡಾಲರ್ ಅಂದರೆ 75.

ಇಷ್ಟು ಕೊಟ್ಟು ಏನು ಸಿಗುತ್ತದೆ? ಊಟ ಸುಮಾರು, ಸುಮ್ನೆ ಹೊಗಳುವುದಿಲ್ಲ. ನೀವು ದುಡ್ಡು ಕೊಡುವುದು ಕುರ್ಚಿಗೆ, ಎಸಿಗೆ ಮತ್ತು ನಿಲ್ಲದೇ ಉಳಿದ ಕ್ಯೂಗಳಿಗೆ. ಪಾರ್ಕಿನಲ್ಲಿ ಒಬ್ಬ ಮಿಕ್ಕಿಯನ್ನು ನೋಡಲು ಅರ್ಧ ಗಂಟೆಯೋ ಒಂದು ಗಂಟೆಯೋ ನಿಂತಿರುತ್ತೀರಿ. ಇಲ್ಲಿ ನೀವು ಕೂತಿರುತ್ತೀರಿ, ವೇಷದವರೇ ನಾಲ್ಕು ಜನ ನಿಮ್ಮ ಟೇಬಲ್ಲಿಗೆ ಬರುತ್ತಾರೆ. ಮಂಡಿನೋವಿನ ಅಮ್ಮನಿಗೆ ಒಂದೂಕಾಲು ಗಂಟೆ ಕೂರಲು ಸಿಕ್ಕಿತು. ಆ ದಿನ ಅದಕ್ಕೇ ಆ ದುಡ್ಡು ಸರಿ ಅನ್ನಿಸಿತು.

ಯಾವುದನ್ನು ಆರಿಸುವುದು? ನನ್ನ ಮತ ಎಪ್ಕಾಟಿನ ಗಾರ್ಡನ್ ಗ್ರಿಲ್‌ಗೆ. ದ ಲ್ಯಾಂಡ್ ಅನ್ನುವ ಕಟ್ಟಡದೊಳಗೆ ಇದೆ. ಇಡೀ ರೆಸ್ಟೋರೆಂಟ್ ನಿಧಾನವಾಗಿ ಸುತ್ತುತ್ತದೆ. ಕೂತಲ್ಲೇ ಕೆಳಗಿನ ದೋಣಿ ರೈಡಿನ ಮರುಭೂಮಿ, ಹುಲ್ಲುಗಾವಲು, ತೋಟದ ಮನೆ ಒಂದೊಂದಾಗಿ ಕಾಣುತ್ತಾ ಹೋಗುತ್ತವೆ. ತಲೆ ತಿರುಗುವಷ್ಟು ವೇಗ ಇಲ್ಲ, ಅಮ್ಮನಿಗೆ ಅದು ತಿರುಗುತ್ತಿದೆ ಅಂತ ಗೊತ್ತಾಗಿದ್ದೇ ಸ್ವಲ್ಪ ಹೊತ್ತಿನ ಮೇಲೆ. ಬಫೆ ಅಲ್ಲ, ತಟ್ಟೆಗಳನ್ನು ಟೇಬಲ್ಲಿಗೇ ತಂದಿಡುತ್ತಾರೆ, ಬೇಕಾದಷ್ಟು ಸಲ ಕೇಳಬಹುದು. ಪಕ್ಕದ ಗ್ರೀನ್‌ಹೌಸ್‌ಗಳಲ್ಲೇ ಬೆಳೆದ ತರಕಾರಿಯನ್ನೂ ಬಳಸುತ್ತಾರೆ. ಊಟ ಮುಗಿಸಿ ಆ ದೋಣಿ ರೈಡಿಗೆ ಹೋದರೆ ಅದೇ ಗ್ರೀನ್‌ಹೌಸ್‌ಗಳ ನಡುವೆ ಹಾದು ಬರುತ್ತೀರಿ. ಜಾಗ ಚಿಕ್ಕದು. ಹಾಗಾಗಿ ರೈತನ ವೇಷದ ಮಿಕ್ಕಿ, ಅವನ ನಾಯಿ ಪ್ಲೂಟೋ, ಅಳಿಲಿನಂಥ ಜೋಡಿ ಚಿಪ್ ಮತ್ತು ಡೇಲ್ ಒಂದು ಸಲ ಬಂದು ಮಾಯವಾಗುವುದಿಲ್ಲ, ಮತ್ತೆ ಮತ್ತೆ ಸುತ್ತು ಹಾಕುತ್ತಾರೆ.

ಚಿಪ್ ಯಾರು, ಡೇಲ್ ಯಾರು ಅಂತ ಗೊಂದಲ ಆಗುತ್ತದಲ್ವಾ? ಮೂಗು ಕಪ್ಪಗಿದ್ದರೆ ಚಿಪ್, ಕೆಂಪಗೆ ದಪ್ಪಗಿದ್ದರೆ ಡೇಲ್. ನಮ್ಮ ಟೇಬಲ್ಲಿಗೆ ಮೊದಲು ಬಂದದ್ದು ಡೇಲ್. ಮಗಳು ನನ್ನ ತೋಳಿನ ಹಿಂದೆ ಅವಿತುಕೊಂಡಳು. ಅವನು ಹತ್ತಿರ ಬರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಕುರ್ಚಿಯ ಬೆನ್ನಿನ ಹಿಂದೆ ತಾನೂ ಕೂತು, ಒಂದು ಕಣ್ಣು ಮಾತ್ರ ಕಾಣುವ ಹಾಗೆ ಇಣುಕಿದ. ಇವಳೂ ಇಣುಕಿದಳು. ಅವನು ಅವಿತ. ಹೀಗೇ ಮೂರ್ನಾಲ್ಕು ಸಲ, ಒಂದು ಮಾತಿಲ್ಲ. ಕೊನೆಗೆ ಇವಳೇ ಎದ್ದು ಹೋಗಿ ಅವನ ಬಾಲ ಮುಟ್ಟಿ ಬಂದಳು.

ಮಾತಿಲ್ಲ ಅಂದೆನಲ್ಲ, ಇದು ತಿಳಿದಿರಲಿ. ತುಪ್ಪಳದ ವೇಷದವರು, ಮಿಕ್ಕಿ, ಡೊನಾಲ್ಡ್, ಪೂ, ಟಿಗರ್, ಯಾರೂ ಬಾಯಿ ಬಿಡುವುದಿಲ್ಲ. ಎಲ್ಲಾ ಕೈಸನ್ನೆ. ರಾಜಕುಮಾರಿಯರು ಮಾತಾಡುತ್ತಾರೆ, ಅದೂ ತಮ್ಮ ಕತೆಯಿಂದ ಆಚೆ ಬರದೆ. ಹೆದರುವ ಮಗು ಇದ್ದರೆ ದಾರಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಬೇಡಿ. ಒಳಗಡೆ ಕೂರಿಸಿ, ದೂರದ ಟೇಬಲ್ಲಿನಲ್ಲಿ ಅವರು ಏನು ಮಾಡುತ್ತಾರೆ ಅಂತ ಮೊದಲು ನೋಡಲಿ. ಮಗುವನ್ನು ಅವರ ಕೈಗೆ ಕೊಟ್ಟು ಫೋಟೋ ತೆಗೆಯುವ ಆತುರ ಬೇಡ. ಆಟೋಗ್ರಾಫ್ ಬೇಕಿದ್ದರೆ ದಪ್ಪ ಪೆನ್ನು ಒಯ್ಯಿರಿ. ಆ ದೊಡ್ಡ ಗ್ಲೌಸ್ ಕೈಯಲ್ಲಿ ಸಣ್ಣ ರೀಫಿಲ್ ಪೆನ್ನು ನಿಲ್ಲುವುದಿಲ್ಲ. ಪುಸ್ತಕದ ಪುಟ ಮೊದಲೇ ತೆರೆದಿಟ್ಟಿರಿ.

ಅನಿಮಲ್ ಕಿಂಗ್‌ಡಮ್‌ನ ಟಸ್ಕರ್ ಹೌಸ್ ಎರಡನೆಯದು. ಸಫಾರಿ ಉಡುಪಿನ ಡೊನಾಲ್ಡ್ ಅಲ್ಲಿನ ಯಜಮಾನ. ಬಫೆಯಲ್ಲಿ ಆಫ್ರಿಕಾದ ಅಡುಗೆಯ ಮಸಾಲೆ ವಾಸನೆ ಇದೆ. ಉಪ್ಪು ಖಾರಕ್ಕೆ ಬಾಯಿ ಬಿಡುವ ನಮ್ಮಂಥವರಿಗೆ ಉಳಿದ ಕಡೆಗಿಂತ ಇದು ವಾಸಿ. ಬಫೆ ಇರುವ ಕಡೆ ಒಂದು ಕಿರಿಕಿರಿ ಇದೆ. ನೀವು ತಟ್ಟೆ ಹಿಡಿದು ಹೋದಾಗಲೇ ನಿಮ್ಮ ಟೇಬಲ್ಲಿಗೆ ಡೊನಾಲ್ಡ್ ಬಂದು ಹೋಗಿರುತ್ತಾನೆ. ಯಾರು ಯಾವ ಕಡೆಯಿಂದ ಬರುತ್ತಿದ್ದಾರೆ ಅಂತ ಸರ್ವರ್‌ ಅವರನ್ನು ಕೇಳಿ ಎದ್ದೇಳಿ. ತಪ್ಪಿಹೋದರೆ ಹೇಳಿ, ಕರೆಸುತ್ತಾರೆ.

ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯೊಳಗಿನ ಸಿಂಡರೆಲ್ಲಾಸ್ ರಾಯಲ್ ಟೇಬಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಎಲ್ಲಕ್ಕಿಂತ ದುಬಾರಿ, ದುಡ್ಡು ಬುಕ್ ಮಾಡುವಾಗಲೇ ಕಟ್ಟಬೇಕು. ರಾಜಕುಮಾರಿಯರ ಹುಚ್ಚಿರುವ ಮಗು ಮನೆಯಲ್ಲಿದ್ದರೆ ಹೋಗಿ. ಇಲ್ಲದಿದ್ದರೆ ಅದೇ ದುಡ್ಡಲ್ಲಿ ಬೇರೆ ಕಡೆ ಹೊಟ್ಟೆ ತುಂಬ ಆಗುತ್ತದೆ. ಎಪ್ಕಾಟಿನ ನಾರ್ವೆ ವಿಭಾಗದ ಆಕರ್ಷುಸ್ ರೆಸ್ಟೋರೆಂಟ್‌ನಲ್ಲೂ ರಾಜಕುಮಾರಿಯರು ಬರುತ್ತಾರೆ, ಅಲ್ಲಿ ಟೇಬಲ್ ಸಿಗುವುದೂ ಸುಲಭ.

ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ, ಬಾಯಿ ಬಿಟ್ಟು ಕೇಳಬೇಕು ಅಷ್ಟೇ. ಬುಕ್ ಮಾಡುವಾಗ ಬರೆಯಿರಿ, ಕೂತ ಮೇಲೆ ಇನ್ನೊಮ್ಮೆ ಹೇಳಿ. ಸುಮ್ನೆ ವೆಜಿಟೇರಿಯನ್ ಅಂದರೆ ಸಾಲದು. ಮೊಟ್ಟೆ ಆಗುತ್ತದೋ ಇಲ್ಲವೋ, ಮೀನು ಬೇಡ, ಮಾಂಸ ಬೇಯಿಸಿದ ನೀರು ಬೇಡ ಅಂತ ಬಿಡಿಸಿ ಹೇಳಿ. ಹುರುಳಿಕಾಯಿ ಪಲ್ಯದಂತೆ ಕಾಣುವುದರಲ್ಲೂ ಹಂದಿ ಮಾಂಸದ ಚೂರು ಇರಬಹುದು. ಒಂದು ಕಡೆ ನಮ್ಮ ಸರ್ವರ್‌ಗೆ ಇದು ಅರ್ಥವೇ ಆಗಲಿಲ್ಲ, ಮೂರು ಸಲ ಚಿಕನ್ ತಂದಿಟ್ಟರು. ಶೆಫ್ ಜೊತೆ ಮಾತಾಡಬೇಕು ಅಂತ ಕೇಳಿದೆವು. ಶೆಫ್ ಬಂದು ಅಮ್ಮನಿಗೆ ಬೇರೆಯೇ ತಟ್ಟೆ ಮಾಡಿಸಿ ಕಳಿಸಿದರು. ಪಾರ್ಕಿನೊಳಗೆ ಮನೆಯ ತಿಂಡಿ ಒಯ್ಯಬಹುದು, ಗಾಜಿನ ಡಬ್ಬಿ ಮಾತ್ರ ಬೇಡ. ಚಪಾತಿ ರೋಲ್ ಒಂದೆರಡು ಚೀಲದಲ್ಲಿರಲಿ.

ಯಾವ ಹೊತ್ತಿಗೆ ಅಂದರೆ, ತಿಂಡಿಯ ಕೊನೆಯ ಸ್ಲಾಟ್. ಹತ್ತೂವರೆ ಹೊತ್ತಿಗೆ ಕೂತರೆ ಅದೇ ಮಧ್ಯಾಹ್ನದ ಊಟವೂ ಆಗುತ್ತದೆ, ಬೆಲೆ ತಿಂಡಿಯದ್ದು. ಪಾರ್ಕ್ ತೆರೆದ ಮೊದಲ ಎರಡು ಗಂಟೆ, ಕ್ಯೂ ಕಡಿಮೆ ಇರುವಾಗ, ರೈಡ್‌ಗಳಿಗೆ ಸಿಗುತ್ತದೆ. ಎಂಟು ಗಂಟೆಗೇ ತಿಂಡಿಗೆ ಕೂರುವುದು ಆ ಹೊತ್ತನ್ನು ಹಾಳುಮಾಡಿಕೊಂಡಂತೆ.

ಇನ್ನು ಶೋಗಳು. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಫ್ಲೋರಿಡಾದಲ್ಲಿ ಮಧ್ಯಾಹ್ನ ಗುಡುಗು ಮಳೆ ಬರುವುದು ಮಾಮೂಲು. ಸಿಡಿಲಿದ್ದರೆ ಹೊರಗಿನ ರೈಡ್‌ಗಳು ನಿಲ್ಲುತ್ತವೆ. ಎರಡರಿಂದ ನಾಲ್ಕರ ಹೊತ್ತಿಗೆ ಒಳಾಂಗಣದ ಶೋ ಇಟ್ಟುಕೊಂಡರೆ ಮಳೆಯೂ ತಪ್ಪುತ್ತದೆ, ಬಿಸಿಲೂ ತಪ್ಪುತ್ತದೆ.

ಒಂದೇ ಶೋ ನೋಡುವುದಾದರೆ ಅನಿಮಲ್ ಕಿಂಗ್‌ಡಮ್‌ನ ಫೆಸ್ಟಿವಲ್ ಆಫ್ ದ ಲಯನ್ ಕಿಂಗ್ ನೋಡಿ. ಅರ್ಧ ಗಂಟೆ. ಜನರನ್ನು ನಾಲ್ಕು ಭಾಗವಾಗಿ ಕೂರಿಸುತ್ತಾರೆ, ಆನೆ, ಜಿರಾಫೆ, ಸಿಂಹ, ಕಾಡುಹಂದಿ. ಪ್ರತಿ ಗುಂಪಿನಿಂದಲೂ ಆ ಪ್ರಾಣಿಯ ಕೂಗು ಹಾಕಿಸುತ್ತಾರೆ. ನಡುವೆ ಕೋತಿ ವೇಷದವರ ಲಾಗ, ಬೆಂಕಿ ಹಿಡಿದು ಕುಣಿಯುವವನು, ಹಗ್ಗದಲ್ಲಿ ಹಕ್ಕಿಯಂತೆ ಹಾರುವವಳು. ಜೀವಂತ ಹಾಡುಗಾರರು, ನಿಮ್ಮಿಂದ ಹತ್ತಡಿ ದೂರದಲ್ಲಿ. ಕೊನೆಯಲ್ಲಿ ಕೆಲವು ಮಕ್ಕಳ ಕೈಗೆ ವಾದ್ಯ ಕೊಟ್ಟು ಮೆರವಣಿಗೆಯಲ್ಲಿ ಕರೆದುಕೊಂಡು ಹೋಗುತ್ತಾರೆ. ಮುಂದಿನ ಸಾಲಿನ ಮಕ್ಕಳಿಗೆ ಆ ಅವಕಾಶ ಜಾಸ್ತಿ. ಅದು ಬೇಕಿದ್ದರೆ ಅರ್ಧ ಗಂಟೆ ಮೊದಲೇ ಹೋಗಿ.

ಹಾಲಿವುಡ್ ಸ್ಟುಡಿಯೋಸ್‌ನಲ್ಲಿ ಫ್ರೋಜನ್ ಸಿನಿಮಾದ ಹಾಡುಗಳ ಶೋ ಇದೆ. ಎಸಿ ಇದೆ, ಪರದೆ ಮೇಲೆ ಸಾಹಿತ್ಯ ಬರುತ್ತದೆ, ಕೊನೆಗೆ ಒಳಗೇ ಹಿಮ ಬೀಳುತ್ತದೆ. ಚಿಕ್ಕವರಿಗೆ ಹಬ್ಬ, ದೊಡ್ಡವರು ಒಂದು ಸಣ್ಣ ನಿದ್ದೆ ತೆಗೆಯಬಹುದು. ಇಂಡಿಯಾನಾ ಜೋನ್ಸ್ ಸ್ಟಂಟ್ ಶೋಗೆ ದೊಡ್ಡ ಮಕ್ಕಳನ್ನು ಕರೆದೊಯ್ಯಿರಿ. ಬೆಂಕಿಯ ಶಾಖ ಮುಖಕ್ಕೆ ತಾಗುತ್ತದೆ.

ಅದೇ ಪಾರ್ಕಿನ ರಾತ್ರಿ ಶೋ ಫ್ಯಾಂಟಾಸ್ಮಿಕ್. ನೀರಿನ ತೆಳು ಪರದೆ ಮೇಲೆ ಚಿತ್ರ, ನಡುವೆ ಬೆಂಕಿ ಉಗುಳುವ ಡ್ರ್ಯಾಗನ್ ಜೊತೆ ಮಿಕ್ಕಿಯ ಜಗಳ. ಸುಮಾರು 7,000 ಜನ ಕೂರುವ ಬಯಲು ರಂಗ, ಆದರೂ ತುಂಬುತ್ತದೆ. ಮುಂದಿನ ಸಾಲುಗಳಲ್ಲಿ ನೀರು ಸಿಡಿಯುತ್ತದೆ. ಹಿಂದೆ, ಮೇಲೆ ಕೂತರೆ ಪೂರ್ತಿ ಕಾಣುತ್ತದೆ, ಹೊರಗೆ ಬರುವುದೂ ಬೇಗ. ಊಟದ ಜೊತೆ ಕಾದಿಟ್ಟ ಸೀಟು ಕೊಡುವ ಪ್ಯಾಕೇಜ್ ಕೂಡ ಇದೆ. ರಜೆಯ ದಿನಗಳಲ್ಲಿ ಅದು ಸರಿ. ಮಾಮೂಲಿ ದಿನ ಒಂದು ಗಂಟೆ ಮೊದಲು ಹೋದರೆ ಸಾಕು. ಸಿಡಿಲು ಬಂದರೆ ರದ್ದು, ಹಾಗಾಗಿ ಕೊನೆಯ ರಾತ್ರಿಗೆ ಇಟ್ಟುಕೊಳ್ಳಬೇಡಿ.

ಮ್ಯಾಜಿಕ್ ಕಿಂಗ್‌ಡಮ್‌ನ ಬಾಣಬಿರುಸಿನ ಶೋ ಹ್ಯಾಪಿಲಿ ಎವರ್ ಆಫ್ಟರ್ ಸುಮಾರು 18 ನಿಮಿಷ. 189 ಅಡಿ ಎತ್ತರದ ಕೋಟೆಯ ಗೋಡೆಗಳ ಮೇಲೆ ಚಿತ್ರಗಳು ಓಡುತ್ತವೆ. ಕೋಟೆಯ ತೀರಾ ಬುಡಕ್ಕೆ ಹೋಗಬೇಡಿ, ಕತ್ತು ನೋಯುತ್ತದೆ, ಹಿಂದಿನ ಪಟಾಕಿಯೂ ಕಾಣುವುದಿಲ್ಲ. ಬಾಗಿಲಿನಿಂದ ಕೋಟೆಯ ಕಡೆಗೆ ಹೋಗುವ ಮೇನ್ ಸ್ಟ್ರೀಟಿನ ನಡುಭಾಗದಲ್ಲಿ ನಿಂತರೆ ಅಕ್ಕಪಕ್ಕದ ಕಟ್ಟಡಗಳ ಮೇಲಿನ ಚಿತ್ರಗಳೂ ಕಾಣುತ್ತವೆ. ಶೋ ಶುರುವಾದೊಡನೆ ಮುಂದಿನವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾರೆ, ಅದಕ್ಕೆ ನೀವೂ ತಯಾರಿರಿ.

ಮುಗಿದ ಕೂಡಲೇ ಹೊರಡಬೇಡಿ. ಈ ಪಾರ್ಕಿನ ಪಾರ್ಕಿಂಗ್ ಬಾಗಿಲ ಮುಂದೆ ಇಲ್ಲ, ಮೊನೊರೈಲ್ ಅಥವಾ ದೋಣಿ ಹತ್ತಿ ಹೋಗಬೇಕು. ಆ ಹೊತ್ತಿನಲ್ಲಿ ಅಲ್ಲಿ ತೇರು ಮುಗಿದ ರಾತ್ರಿಯ ಬಸ್‌ಸ್ಟ್ಯಾಂಡಿನ ಗದ್ದಲ. ಮೇನ್ ಸ್ಟ್ರೀಟಿನ ಅಂಗಡಿಗಳು ಪಾರ್ಕ್ ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ತೆರೆದಿರುತ್ತವೆ. ಒಂದು ಐಸ್‌ಕ್ರೀಂ ಹಿಡಿದು ಅರ್ಧ ಗಂಟೆ ಎಲ್ಲಾದರೂ ಕೂತುಕೊಳ್ಳಿ. ಸ್ಟ್ರಾಲರ್, ಅಂದರೆ ಮಗುವನ್ನು ಕೂರಿಸಿ ತಳ್ಳುವ ಗಾಡಿ, ನಿಲ್ಲಿಸಿದ ಜಾಗದ ಫೋಟೋ ಮೊದಲೇ ತೆಗೆದಿಟ್ಟಿರಿ. ಸಿಬ್ಬಂದಿ ಅವನ್ನು ಸಾಲು ಮಾಡಲು ಆಚೀಚೆ ಸರಿಸಿರುತ್ತಾರೆ, ಕತ್ತಲಲ್ಲಿ ಎಲ್ಲಾ ಒಂದೇ ಥರ ಕಾಣುತ್ತವೆ. ಹಿಡಿಗೆ ಒಂದು ಬಣ್ಣದ ರಿಬ್ಬನ್ ಕಟ್ಟಿದರೆ ಇನ್ನೂ ಒಳ್ಳೆಯದು.