ಮುಂಬಯಿಯಲ್ಲಿ ತಿಂಗಳ ಸಾವಿರ ಅಂದರೆ ನಾಲ್ಕು ಲಕ್ಷ

ಬೇಗ ನಿವೃತ್ತಿಯ ಮಾತು ಬಂದರೆ ಸಾಕು, ‘ಎಷ್ಟು ಕೋಟಿ ಬೇಕು?’ ಅನ್ನುತ್ತಾರೆ. ಪಗಾರ ನೋಡಿ ಇದಕ್ಕೆ ಉತ್ತರ ಹೇಳಲಾಗದು, ಖರ್ಚು ನೋಡಬೇಕು. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಮುಂದಿಟ್ಟ, ಗಂಟಿನಿಂದ ಮೊದಲ ವರ್ಷ ಶೇ. 4 ತೆಗೆದು ಬದುಕುವ ಸೂತ್ರ, ಅಂದರೆ ವರ್ಷದ ಖರ್ಚಿನ 25 ಪಟ್ಟು ಗಂಟು, ಅಲ್ಲಿನ ಷೇರು-ಬಾಂಡುಗಳನ್ನೂ 30 ವರ್ಷದ ನಿವೃತ್ತಿಯನ್ನೂ ಲೆಕ್ಕಕ್ಕೆ ಹಿಡಿದದ್ದು. 45ಕ್ಕೇ ಕೆಲಸ ಬಿಡುವವರ ದುಡ್ಡು 40 ವರ್ಷ ದಾಟಿಯೂ ಉಳಿಯಬೇಕು. ಅದಕ್ಕೇ ಇಲ್ಲಿ ಶೇ. 3, ಅಂದರೆ 33 ಪಟ್ಟು ಹಿಡಿಯುವುದು ಮೇಲು.

ಈ 33 ಮನಸ್ಸಿನಲ್ಲಿದ್ದರೆ ಪ್ರತಿ ಖರ್ಚಿಗೂ ಎರಡು ಬೆಲೆ ಕಾಣುತ್ತದೆ. ತಿಂಗಳಿಗೆ 1,000 ರೂಪಾಯಿ ಕಾಯಂ ಖರ್ಚು ವರ್ಷಕ್ಕೆ 12,000. ಅದನ್ನು ಮುಂದೆಯೂ ನಡೆಸಿಕೊಂಡು ಹೋಗಲು ಬೇಕಾದ ಗಂಟು ಸುಮಾರು 4 ಲಕ್ಷ. ಆ ಸಾವಿರ ಉಳಿದರೆ ಉಳಿತಾಯ ಏರುತ್ತದೆ, ಮುಟ್ಟಬೇಕಾದ ಗುರಿಯೂ ಇಳಿಯುತ್ತದೆ. ಹಣದುಬ್ಬರ ಕಳೆದು ಶೇ. 3 ಗಳಿಕೆ ಅಂತ ಹಿಡಿದರೆ, ಕೈಗೆ ಬರುವ ಪಗಾರದಲ್ಲಿ ಶೇ. 40 ಉಳಿಸುವವರಿಗೆ ಸುಮಾರು 31 ವರ್ಷ ದುಡಿಮೆ. ಶೇ. 50 ಉಳಿಸಿದರೆ 23, ಶೇ. 60 ಉಳಿಸಿದರೆ 17.

ಚಹಾ, ವಡಾಪಾವ್ ಬಿಟ್ಟು ಈ ಶೇ. 60 ಮುಟ್ಟಿದವರಿಲ್ಲ. ಮುಂಬಯಿಯಲ್ಲಿ ಅದನ್ನು ತೀರ್ಮಾನಿಸುವುದು ಬಾಡಿಗೆ.

ಮುಂಬಯಿ ಹೊರವಲಯದ ಡೊಂಬಿವಲಿಯಲ್ಲೋ ವಿರಾರದಲ್ಲೋ ಮನೆ ನೋಡುವಾಗ ಸ್ಟೇಷನ್ನಿನಿಂದ ಎರಡು ಕಿಲೋಮೀಟರ್ ದೂರದ ಫ್ಲ್ಯಾಟು 2,000 ಅಗ್ಗ ಎಂದು ಏಜೆಂಟ್ ಹೇಳುತ್ತಾನೆ. ಶೇರ್ ರಿಕ್ಷಾಕ್ಕೆ ಒಂದು ಸಲಕ್ಕೆ 20 ರೂಪಾಯಿ ಎಂದುಕೊಳ್ಳಿ. ಹೋಗಿ ಬರಲು 40, ತಿಂಗಳಿಗೆ 25 ದಿನಕ್ಕೆ 1,000. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಆ 2,000 ಅಲ್ಲಿಗೇ ಮುಗಿಯಿತು; ಮಳೆಗಾಲದಲ್ಲಿ ಕ್ಯೂ ನಿಲ್ಲುವುದು ಬೇರೆ. ನಡೆದು ಹೋಗುವ ದೂರ, ಅದೂ ಫಾಸ್ಟ್ ಲೋಕಲ್ ನಿಲ್ಲುವ ಸ್ಟೇಷನ್ನಾದರೆ, ಕೊಂಚ ಹೆಚ್ಚು ಬಾಡಿಗೆ ಕೊಟ್ಟರೂ ನಷ್ಟವಿಲ್ಲ. ಟೆರೇಸಿನ ಕೆಳಗಿನ ಮಹಡಿ ಅಗ್ಗಕ್ಕೆ ಸಿಗುವುದಕ್ಕೂ ಕಾರಣವಿದೆ: ಜುಲೈನಲ್ಲಿ ಸೋರುತ್ತದೆ, ಮೇ ತಿಂಗಳಲ್ಲಿ ಏಸಿ ಇಲ್ಲದೆ ಮಲಗಲಾಗದು. ನೆಲಮಹಡಿಯದಾದರೆ ಒಳ್ಳೇ ಮಳೆಯ ದಿನ ಹೋಗಿ ಗೋಡೆ ಮುಟ್ಟಿ ನೋಡಬೇಕು. ರೀಡೆವಲಪ್ಮೆಂಟಿಗೆ, ಅಂದರೆ ಕೆಡವಿ ಹೊಸದು ಕಟ್ಟಲು, ಸಹಿ ಬಿದ್ದ ಕಟ್ಟಡ ಎಷ್ಟೇ ಅಗ್ಗವಾದರೂ ಬೇಡ. ಖಾಲಿ ಮಾಡುವ ದಿನ ಅದೇ ಕಟ್ಟಡದ ಮಾಲೀಕರೆಲ್ಲ ಅದೇ ಪೇಟೆಯಲ್ಲಿ ಬಾಡಿಗೆ ಮನೆ ಹುಡುಕುತ್ತಿರುತ್ತಾರೆ, ಬಿಲ್ಡರ್ ಕೊಡುವ ದುಡ್ಡಿನಲ್ಲಿ. ಅವರ ಜೊತೆ ಪೈಪೋಟಿ ನಡೆಯದು.

ಹೆಚ್ಚಿನವರು ಗಮನಿಸದ ಸೋರಿಕೆ ಬಾಡಿಗೆ ಅಗ್ರಿಮೆಂಟಿನದು. 11 ತಿಂಗಳಿಗೊಮ್ಮೆ ಹೊಸದು ಮಾಡುವುದು ಏಜೆಂಟರಿಗೆ ಹಬ್ಬ: ಮೊದಲ ಸಲ ಒಂದು ತಿಂಗಳ ಬಾಡಿಗೆಯಷ್ಟು ದಲಾಲಿ, ನವೀಕರಣಕ್ಕೆ ಮತ್ತೆ ಅರ್ಧವೋ ಪೂರ್ತಿಯೋ. ಮಹಾರಾಷ್ಟ್ರದಲ್ಲಿ 11 ತಿಂಗಳದ್ದಾದರೂ ಲೀವ್ ಅಂಡ್ ಲೈಸೆನ್ಸ್ ಅನ್ನುವ ಈ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು (1999ರ ಬಾಡಿಗೆ ನಿಯಂತ್ರಣ ಕಾಯ್ದೆ, 55ನೇ ಕಲಂ), ಹಾಗಾಗಿ ಚಿಕ್ಕ ಅವಧಿಯಿಂದ ಬಾಡಿಗೆದಾರನಿಗೆ ಯಾವ ಲಾಭವೂ ಇಲ್ಲ. ಒಮ್ಮೆಗೇ 33 ತಿಂಗಳಿಗೆ ಬರೆಸಿ. 20,000 ಬಾಡಿಗೆ, 1 ಲಕ್ಷ ಡಿಪಾಸಿಟ್ ಆದರೆ ಒಟ್ಟು ಬಾಡಿಗೆ 6,60,000, ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ. 10ರಂತೆ 27,500, ಎರಡನ್ನೂ ಕೂಡಿಸಿದ್ದರ ಶೇ. 0.25 ಸ್ಟ್ಯಾಂಪ್ ಡ್ಯೂಟಿ, ಸುಮಾರು 1,720. ನೋಂದಣಿ ಶುಲ್ಕ ನಗರದಲ್ಲಿ 1,000. ಮುಖ್ಯ ಖರ್ಚು ಇಷ್ಟೇ. ಬಾಡಿಗೆ ಏರಿಕೆ ವರ್ಷಕ್ಕೆ ಶೇ. 5 ಎಂದು ಕರಾರಿನಲ್ಲೇ ನಮೂದಿಸಿ (ಆಗ ಡ್ಯೂಟಿ ತುಸು ಏರುತ್ತದೆ), ಲಾಕ್-ಇನ್ (ಮನೆ ಬಿಡಲಾಗದ ಅವಧಿ) ಆರು ತಿಂಗಳಿಗಿಂತ ಹೆಚ್ಚು ಬೇಡ, ಬಿಡಲು ಒಂದು ತಿಂಗಳ ನೋಟಿಸ್ ಸಾಕು ಎಂದು ಬರೆಸಿ. ಮಾಲೀಕ ತಾನೇ ವಾಸಿಸದ ಫ್ಲ್ಯಾಟಿಗೆ ಸೊಸೈಟಿ ಹಾಕುವ ನಾನ್-ಆಕ್ಯುಪೆನ್ಸಿ ಶುಲ್ಕ ಮಾಲೀಕನ ಹೊಣೆ ಅನ್ನುವುದೂ ಕಾಗದದ ಮೇಲೆ ಇರಲಿ.

ಕರೆಂಟಿನಲ್ಲಿ ಫ್ಯಾನ್ ಬದಲಾಯಿಸುವುದೊಂದೇ ಗಟ್ಟಿ ಉಳಿತಾಯ. ಹಳೆಯ ಫ್ಯಾನ್ 75 ವಾಟ್, ಕಡಿಮೆ ಕರೆಂಟು ತಿನ್ನುವ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ದಿನಕ್ಕೆ 15 ತಾಸು ಓಡಿದರೆ ತಿಂಗಳಿಗೆ 20 ಯುನಿಟ್ ಉಳಿಯುತ್ತದೆ. ನಮ್ಮ ದರಪಟ್ಟಿಯಲ್ಲಿ 100, 300, 500 ಯುನಿಟ್ ದಾಟಿದಾಗೆಲ್ಲ ಮೇಲಿನ ಯುನಿಟ್ಟಿನ ದರ ಏರುವುದರಿಂದ, ಉಳಿದದ್ದು ದುಬಾರಿ ಯುನಿಟ್ಟುಗಳೇ. ಬಿಎಲ್‌ಡಿಸಿಯಲ್ಲಿ ಸಾಮಾನ್ಯವಾಗಿ ಕೆಡುವುದು ಮೋಟಾರಲ್ಲ, ಒಳಗಿನ ಸರ್ಕ್ಯೂಟ್ ಬೋರ್ಡು. ಅದಕ್ಕೂ ವಾರಂಟಿ ಇರುವುದನ್ನೇ ಕೊಳ್ಳಿ. ಬಾಡಿಗೆ ಮನೆಯಾದರೆ ಹಳೆಯ ಫ್ಯಾನ್ ಅಟ್ಟದ ಮೇಲಿರಲಿ, ಬಿಡುವಾಗ ಅದನ್ನು ತೂಗುಹಾಕಿ ನಿಮ್ಮದು ಒಯ್ಯಿರಿ.

ಲೋಕಲ್ ಪಾಸು ಮೂರು ತಿಂಗಳದ್ದಾದರೆ ತಿಂಗಳ ಪಾಸಿನ 2.7 ಪಟ್ಟು, ವರ್ಷದ್ದು 10.8 ಪಟ್ಟು. ಕೆಲಸ ಬದಲಿಸುವ ಯೋಚನೆ ಇಲ್ಲದಿದ್ದರೆ ವರ್ಷದ್ದೇ ಸರಿ. ಊರಿಗೆ ಹೋಗುವ ಮತ್ಸ್ಯಗಂಧಾ ರೈಲಿನ ಟಿಕೆಟು ಈಗ 60 ದಿನ ಮೊದಲು ತೆರೆಯುತ್ತದೆ. ಚೌತಿಗೂ ಮೇ ರಜಕ್ಕೂ ಆ ದಿನ ಬೆಳಗ್ಗೆ ಎಂಟಕ್ಕೆ ಕೂತು ತೆಗೆಯದಿದ್ದರೆ ಖಾಸಗಿ ಬಸ್ಸಿನವರು ಕೇಳಿದಷ್ಟು ಕೊಡಬೇಕು. ಹೀಗೆ ವರ್ಷಕ್ಕೆರಡು ಸಲ ಬರುವ ಖರ್ಚನ್ನು 12ರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೆ ಸೇರಿಸಿ. ಮದುವೆ ಉಡುಗೊರೆ, ಹಲ್ಲಿನ ಡಾಕ್ಟರು, ಹೊಸ ಫೋನು, ಎಲ್ಲವನ್ನೂ. ಇವನ್ನು ಬಿಟ್ಟ 33 ಪಟ್ಟಿನ ಲೆಕ್ಕ ಪೊಳ್ಳು.

ಪಿಪಿಎಫ್‌ಗೆ (ಸಾರ್ವಜನಿಕ ಭವಿಷ್ಯ ನಿಧಿಗೆ) ವರ್ಷದ 1.5 ಲಕ್ಷವನ್ನು ಏಪ್ರಿಲ್ 5ರೊಳಗೆ ಹಾಕಿ. ತಿಂಗಳ 5ರ ನಂತರ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಕನಿಷ್ಠ ಮೊತ್ತಕ್ಕೆ ಮಾತ್ರ ಬಡ್ಡಿ. ಕೆಲಸ ಬಿಟ್ಟ ಮೇಲೆ ಇಪಿಎಫ್‌ನಲ್ಲಿ (ನೌಕರರ ಭವಿಷ್ಯ ನಿಧಿಯಲ್ಲಿ) ದುಡ್ಡು ಬಿಟ್ಟರೆ ಬಡ್ಡಿ ಬರುತ್ತದೆ, ಆದರೆ ಆ ಬಡ್ಡಿಗೆ ತೆರಿಗೆ ಉಂಟು.

ಕೊನೆಗೆ ಆರೋಗ್ಯ ವಿಮೆ. ಕಂಪನಿಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಮೊದಲೇ ಇರುವ ಶುಗರ್, ಬಿಪಿಗೆ ಸ್ವಂತ ಪಾಲಿಸಿಯಲ್ಲಿ ಮೂರು ವರ್ಷದವರೆಗೆ ಕಾಯಿಸಬಹುದು. ಆದ್ದರಿಂದ ಕೆಲಸ ಬಿಡುವ ದಿನಕ್ಕೆ ಮೂರು ವರ್ಷ ಮೊದಲೇ ಪಾಲಿಸಿ ಕೈಯಲ್ಲಿರಬೇಕು. ಕೋಣೆ ಬಾಡಿಗೆಗೆ ಮಿತಿ ಇರುವ ಪಾಲಿಸಿ ಬೇಡ: ಮಿತಿ ಮೀರಿದ ಕೋಣೆ ಹಿಡಿದರೆ ಡಾಕ್ಟರ ಫೀಸು, ಆಪರೇಷನ್ ಖರ್ಚನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ನಿವೃತ್ತಿಯಾಗಿ ಕುಂದಾಪುರಕ್ಕೋ ಶಿರಸಿಗೋ ಮರಳುವವರು ವಿಳಾಸ ಬದಲಿಸಿದರೆ ಪ್ರೀಮಿಯಂ ಇಳಿಯಬಹುದು. ಆದರೆ ಕೆಲವು ಪಾಲಿಸಿಗಳಲ್ಲಿ ಹಾಗೆ ಇಳಿಸಿಕೊಂಡು ಮುಂಬಯಿಯಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನಮ್ಮದೇ. ಮಕ್ಕಳು ಇಲ್ಲೇ ಇದ್ದು, ದೊಡ್ಡ ಕಾಯಿಲೆಗೆ ಇಲ್ಲಿಗೇ ಬರುವುದಾದರೆ ಮುಂಬಯಿ ದರದ ಪ್ರೀಮಿಯಂ ಕಟ್ಟುತ್ತ ಹೋಗಿ, ಅದನ್ನೂ 33 ಪಟ್ಟಿಗೆ ಸೇರಿಸಿಕೊಳ್ಳಿ.